ಕೊಯ್ತಾ ಹಿಡಿದ ಹುಡುಗರು: ಪೊಲೀಸರ ಜೊತೆ ಬಸ್ತಿಯೂ ಕೂರಬೇಕೇ?

ಪುಣೆಯಲ್ಲಿ ‘ಕೊಯ್ತಾ ಗ್ಯಾಂಗ್’ ಅನ್ನೋದು ಈಗ ಸ್ಕೂಲ್ ಮಕ್ಕಳ ಬಾಯಲ್ಲೂ ಇದೆ. ಕೊಯ್ತಾ ಅಂದರೆ ಕಬ್ಬು ಕಡಿಯುವ ಮಚ್ಚು. ಅದನ್ನು ಹಿಡಿದು ಹದಿನಾರು ಹದಿನೇಳರ ಹುಡುಗರು ರಸ್ತೆಗಿಳಿಯುತ್ತಾರೆ. ಕೆಲವರ ಕೈಗೆ ಕಂಟ್ರಿ ಪಿಸ್ತೂಲೂ ಬಂದಿದೆ. ಇದನ್ನು ತಡೆಯಲು ಪೊಲೀಸರು ಬಸ್ತಿಯ, ಅಂದರೆ ಬಡವರ ಕೇರಿಯ, ಜನರನ್ನು ಸೇರಿಸಿಕೊಂಡು ಸಮಿತಿ ಮಾಡಿ ಕೆಲಸ ಮಾಡಬೇಕೇ? ಪುಣೆಯ ಇಬ್ಬರು ಕನ್ನಡಿಗರು ಇಲ್ಲಿ ಬರೆದಿದ್ದಾರೆ.

ಪರ: ಓಣಿಗೆ ಗೊತ್ತಿರುವುದು ಪೊಲೀಸ್ ಚೌಕಿಗೂ ಗೊತ್ತಾಗಲಿ

ಮೊದಲೇ ಹೇಳಿಬಿಡುತ್ತೇನೆ, ಪೊಲೀಸರು ಮತ್ತು ಬಸ್ತಿಯ ಜನ ಒಟ್ಟಿಗೆ ಕೂತು ಮಾತಾಡದೆ ಈ ಹಾವಳಿ ನಿಲ್ಲುವುದಿಲ್ಲ. ಯಾವ ಹುಡುಗ ದಾರಿ ತಪ್ಪುತ್ತಿದ್ದಾನೆ ಅನ್ನೋದು ಪೊಲೀಸರಿಗೆ ಗೊತ್ತಾಗುವ ಎಷ್ಟೋ ತಿಂಗಳ ಮೊದಲೇ ಓಣಿಗೆ ಗೊತ್ತಾಗಿರುತ್ತದೆ.

ನಾನಿರುವುದು ಬಿಬ್ವೇವಾಡಿ ಕಡೆ. ಇಲ್ಲಿ ರಾತ್ರಿ ಹೊತ್ತು ನಿಲ್ಲಿಸಿದ ಗಾಡಿಗಳನ್ನು ಒಡೆಯುವುದು ಒಂದು ಚಾಳಿಯೇ ಆಗಿಬಿಟ್ಟಿದೆ. ಬೆಳಗ್ಗೆ ಎದ್ದು ನೋಡಿದರೆ ಸಾಲಾಗಿ ನಿಂತ ರಿಕ್ಷಾಗಳ ಮುಂದಿನ ಗಾಜು ಪುಡಿಪುಡಿ, ಸೀಟಿನ ರೆಕ್ಸಿನ್ ಈ ತುದಿಯಿಂದ ಆ ತುದಿಗೆ ಸೀಳಿದೆ, ಒಳಗಿನ ಹಳದಿ ಸ್ಪಂಜು ಹೊರಗೆ ಬಂದಿದೆ. ರಿಕ್ಷಾದವನು ಅಫಜಲಪುರ ಕಡೆಯವನು, ಸಾಲದ ಕಂತು ಇನ್ನೂ ಮುಗಿದಿಲ್ಲ. ಮಾಡಿದ್ದು ಯಾರು ಅಂತ ಓಣಿಗೆಲ್ಲ ಗೊತ್ತು. ಬರ್ತ್‌ಡೇಗೆ ತಲವಾರಿನಿಂದ ಕೇಕ್ ಕತ್ತರಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದವರೇ. ಆದರೆ ಪೊಲೀಸರು ಬಂದು ‘ಯಾರನ್ನಾದರೂ ನೋಡಿದಿರಾ’ ಅಂತ ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಬಿಡುವುದಾದರೂ ಹೇಗೆ? ಕೇಳುತ್ತಿರುವವನ ಮುಖವನ್ನೇ ಅವರು ಹಿಂದೆ ನೋಡಿಲ್ಲ. ಮುಂದಿನ ತಿಂಗಳು ಅವನು ಇದೇ ಠಾಣೆಯಲ್ಲಿ ಇರುತ್ತಾನೋ ಇಲ್ಲವೋ.

ಇದನ್ನು ಬದಲಿಸಬಹುದು ಅಂತ ನಮ್ಮ ಮಹಾರಾಷ್ಟ್ರವೇ ತೋರಿಸಿದೆ. 1984ರಲ್ಲಿ ಭಿವಂಡಿ ಊರು ಹಿಂದೂ-ಮುಸ್ಲಿಂ ಗಲಭೆಯಲ್ಲಿ ಹೊತ್ತಿ ಉರಿದಿತ್ತು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಸಮುದಾಯದ ಸಾಮಾನ್ಯ ಜನ, ಜೊತೆಗೆ ಆ ಬೀಟಿನ ಪೊಲೀಸರು. ಬರೀ ಗಲಭೆಯ ಮಾತಲ್ಲ, ನೀರಿನ ಜಗಳ, ಗಂಡ-ಹೆಂಡಿರ ಜಗಳವೂ ಅಲ್ಲೇ ಬರುತ್ತಿದ್ದವು. 1992-93ರಲ್ಲಿ ಮುಂಬೈ ಹೊತ್ತಿ ಉರಿಯುವಾಗ ಪಕ್ಕದ ಭಿವಂಡಿ ಶಾಂತವಾಗಿತ್ತು. ಆಮೇಲೆ ಮುಂಬೈಯಲ್ಲೂ ಮಾಜಿ ಪೊಲೀಸ್ ಕಮಿಷನರ್ ಜೂಲಿಯೊ ರಿಬೇರೊ, ಸಾಮಾಜಿಕ ಕಾರ್ಯಕರ್ತೆ ಸುಶೋಭಾ ಬರ್ವೆ ಅಂಥವರು ಸೇರಿ ಮೊಹಲ್ಲಾ ಸಮಿತಿ ಚಳವಳಿ ನಡೆಸಿದರು.

‘ಅದು ಕೋಮುಗಲಭೆ, ಇದು ಗ್ಯಾಂಗು’ ಅನ್ನಬಹುದು. ಸರಿ, ಗ್ಯಾಂಗಿನದೇ ಉದಾಹರಣೆ ನೋಡೋಣ. ಅಮೆರಿಕದ ಬಾಸ್ಟನ್ನಿನಲ್ಲಿ 1990ರ ದಶಕದ ಮೊದಲಲ್ಲಿ 24 ವರ್ಷದೊಳಗಿನವರು ವರ್ಷಕ್ಕೆ ಸರಾಸರಿ 44 ಮಂದಿ ಕೊಲೆಯಾಗುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ಊರಿನ ಯುವಕರಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದ ಗ್ಯಾಂಗಿನ ಹುಡುಗರೇ ಈ ಕೊಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಕಾರಣ. 1996ರಲ್ಲಿ ‘ಆಪರೇಷನ್ ಸೀಸ್‌ಫೈರ್’ ಶುರುವಾಯಿತು. ಪೊಲೀಸರು, ಚರ್ಚಿನ ಪಾದ್ರಿಗಳು, ಬೀದಿ ಕಾರ್ಯಕರ್ತರು ಒಟ್ಟಿಗೆ ಆ ಹುಡುಗರನ್ನೇ ಎದುರು ಕೂರಿಸಿಕೊಂಡು ಎರಡು ಮಾತು ಹೇಳಿದರು: ಗುಂಡು ಹಾರಿದರೆ ಇಡೀ ಗ್ಯಾಂಗಿನ ಮೇಲೆ ಬೀಳುತ್ತೇವೆ, ಬಿಟ್ಟು ಬರುತ್ತೀರಾದರೆ ಕೆಲಸ, ಓದು ಎಲ್ಲದಕ್ಕೂ ನಾವಿದ್ದೇವೆ. 1997ರಲ್ಲಿ ಆ 44 ಹದಿನೈದಕ್ಕೆ ಇಳಿದಿತ್ತು.

ನನಗೆ ಇನ್ನೂ ಹತ್ತಿರ ಅನಿಸುವುದು ಸ್ಕಾಟ್ಲೆಂಡಿನ ಗ್ಲಾಸ್ಗೊ. ಅಲ್ಲಿಯೂ ಇಲ್ಲಿಯ ಹಾಗೆ ಚಾಕುವಿನ ಕಾಟವೇ ಹೆಚ್ಚು. ಅಲ್ಲಿನ ಪೊಲೀಸರು 2005ರಲ್ಲಿ ಇದಕ್ಕೆಂದೇ ಬೇರೆ ಘಟಕ ಮಾಡಿದರು. 2008ರಲ್ಲಿ ಗ್ಯಾಂಗಿನ ಹುಡುಗರನ್ನು ಕೋರ್ಟ್ ಹಾಲಿಗೆ ಕರೆಸಿದರು, ಶಿಕ್ಷೆ ಕೊಡಲು ಅಲ್ಲ. ಗಾಯ ಹೊಲಿಯುವ ಡಾಕ್ಟರು ಎದ್ದು ಮಾತಾಡಿದರು, ಹಿಂಸೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿ ಮಾತಾಡಿದಳು. ಲಾಠಿಗೆ ಹೆದರದ ಹುಡುಗರು ತಾಯಿಯ ಎದುರು ತಲೆ ಬಗ್ಗಿಸುತ್ತಾರೆ, ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ?

ಪುಣೆ ಪೊಲೀಸರು ಸುಮ್ನೆ ಕೂತಿಲ್ಲ, ಒಪ್ಪುತ್ತೇನೆ. ಕೊಯ್ತಾ ಹಿಡಿದವರನ್ನು ಹಿಡಿದ ಸಿಬ್ಬಂದಿಗೆ 2023ರಲ್ಲಿ ಬಹುಮಾನ ಘೋಷಿಸಿದರು. ಸಂಘಟಿತ ಅಪರಾಧ ತಡೆಯುವ ‘ಮೋಕ್ಕಾ’ ಕಾಯ್ದೆ ಹಾಕುತ್ತಾರೆ, ತಡೀಪಾರ್ (ಗಡಿಪಾರು) ಮಾಡುತ್ತಾರೆ. ಇಷ್ಟಾಗಿಯೂ 2024ರ ಸೆಪ್ಟೆಂಬರ್ 1ರಂದು ನಾನಾ ಪೇಠದಲ್ಲಿ ಮಾಜಿ ಕಾರ್ಪೊರೇಟರ್ ಒಬ್ಬರ ಕೊಲೆಯಾಯಿತು. ಒಂದು ವರ್ಷದ ಮೇಲೆ, 2025ರ ಸೆಪ್ಟೆಂಬರ್ 5ರಂದು, ಅದೇ ನಾನಾ ಪೇಠದಲ್ಲಿ ಆ ಕೇಸಿನ ಆರೋಪಿಯೊಬ್ಬನ ಮಗನನ್ನು, ಇನ್ನೂ ಓದುತ್ತಿದ್ದ ಹುಡುಗನನ್ನು, ಗುಂಡಿಟ್ಟು ಕೊಂದರು. ಸೇಡು ಬರುತ್ತದೆ ಅಂತ ಇಡೀ ಪೇಠಕ್ಕೆ ಅನಿಸಿರುತ್ತದೆ. ಅಂಥ ಮಾತು ಹೇಳಿಕೊಳ್ಳಲು ಒಂದು ನಂಬಿಕೆಯ ಜಾಗ ಬೇಕು.

ನಮ್ಮವರ ಕಷ್ಟ ಇನ್ನೊಂದು. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ತಾಯಂದಿರಿಗೆ ಮರಾಠಿಯಲ್ಲಿ ಸಂತೆ ಮಾಡುವಷ್ಟು ಬರುತ್ತದೆ, ಚೌಕಿಯಲ್ಲಿ ದೂರು ಹೇಳುವಷ್ಟು ಬರುವುದಿಲ್ಲ. ಪ್ರತಿ ಬೀಟಿನ ಸಮಿತಿಯಲ್ಲಿ ಕನ್ನಡ, ತೆಲುಗು ಬಲ್ಲ ಇಬ್ಬರು ಹೆಂಗಸರಿರಲಿ. ಒಬ್ಬ ಹವಾಲ್ದಾರ ಕನಿಷ್ಠ ಮೂರು ವರ್ಷ ಅದೇ ಬೀಟಿನಲ್ಲಿರಲಿ. ‘ಮಗ ಎರಡು ದಿನದಿಂದ ಮನೆಗೆ ಬಂದಿಲ್ಲರೀ ಅಣ್ಣಾ, ಯಾರ ಜೋಡಿ ತಿರುಗ್ತಾನೋ ಏನೋ’ ಅಂತ ಒಬ್ಬ ತಾಯಿ ಕೇಸಿನ ಹೆದರಿಕೆ ಇಲ್ಲದೆ ಹೇಳುವಂತಾದರೆ, ಆ ಹುಡುಗನ ಕೈಗೆ ಕೊಯ್ತಾ ಬರುವ ಮೊದಲೇ ಅವನನ್ನು ಹಿಡಿದು ನಿಲ್ಲಿಸಬಹುದು.

ವಿರೋಧ: ಆ ಸಮಿತಿಯ ಕುರ್ಚಿಯಲ್ಲಿ ಕೂರುವವರು ಯಾರು?

ಯೆರವಡಾದ ಒಂದು ಬಸ್ತಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ, ಹೆಚ್ಚಿನವರು ಕನ್ನಡ, ಲಂಬಾಣಿ ಮನೆಮಾತಿನವರು. ಆ ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದೇನೆ, ಈ ಸಮಿತಿಗಳು ಬೇಡ.

ಸಮಿತಿಗೆ ಹೆಸರು ಕೊಡಿ ಅಂದಾಗ ಯಾರ ಹೆಸರು ಹೋಗುತ್ತದೆ? ಬೆಳಗ್ಗೆ ಆರಕ್ಕೆ ಸೈಟಿಗೆ ಹೋಗಿ ರಾತ್ರಿ ಎಂಟಕ್ಕೆ ಬರುವ ಗಾರೆಯವನದ್ದಲ್ಲ. ಹೋಗುವುದು ಗಣೇಶ ಮಂಡಳದ ಅಧ್ಯಕ್ಷನ ಹೆಸರು, ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಓಣಿಯ ಲೀಡರ್ ‘ಭಾವೂ’ ಹೆಸರು. ಹಬ್ಬದ ವಸೂಲಿಗೆ, ಚುನಾವಣೆಯ ರ್‍ಯಾಲಿಗೆ ಇದೇ ಹುಡುಗರನ್ನು ಬೈಕ್ ಮೇಲೆ ಕೂರಿಸಿ ಕಳಿಸುವವರು ಯಾರು ಅಂತ ಬಸ್ತಿಯನ್ನು ಕೇಳಿ. ಹುಡುಗರನ್ನು ಸಾಕುವವನನ್ನೇ ಪೊಲೀಸರ ಪಕ್ಕ ಕೂರಿಸಿ ಚಹಾ ಕೊಟ್ಟರೆ ಅವನ ವಜನು ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ.

ಇನ್ನು ಮಾಹಿತಿ ಕೊಡುವ ತಾಯಿಯ ಮಾತು. ಪರ ಬರೆದವರು ಅವಳ ಬಗ್ಗೆ ಮನಸಾರೆ ಬರೆದಿದ್ದಾರೆ. ಆದರೆ ಅವಳ ಕೋಣೆ ಇರುವುದು ಹತ್ತಡಿ ಅಗಲದ ಗಲ್ಲಿಯಲ್ಲಿ. ಅವಳು ಕೊಡ ಹಿಡಿದು ನಿಲ್ಲುವ ನಲ್ಲಿಯಲ್ಲೇ ಅವಳು ಹೆಸರು ಹೇಳಿದ ಹುಡುಗನ ಅಮ್ಮನೂ ನಿಲ್ಲುತ್ತಾಳೆ. ಸಮಿತಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಗಲ್ಲಿಗೆ ಬಂದಿರುತ್ತದೆ. ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದೆ, ನಿಜ. ಆದರೆ ಅದು ಕೇಸಿನ ಸಾಕ್ಷಿಗಳಿಗೆ. ಚೌಕಿಯಲ್ಲಿ ಮೆಲ್ಲಗೆ ಹೆಸರು ಹೇಳಿ ಬಂದವಳ ಬಾಗಿಲಲ್ಲಿ ಯಾರು ಕಾವಲು ನಿಲ್ಲುತ್ತಾರೆ? ‘ನನ್ನ ಮಗನ ಹೆಸರು ಎಲ್ಲೂ ಬರೀಬ್ಯಾಡ್ರೀ ಟೀಚರ್’ ಅಂತ ನನ್ನ ಹತ್ತಿರವೇ ಬೇಡಿಕೊಂಡ ತಾಯಂದಿರಿದ್ದಾರೆ. ನಾನು ಬರೆಯುತ್ತಿದ್ದದ್ದು ಹಾಜರಿ ಪುಸ್ತಕ.

ಹೆಸರು ಬರೆಯುವುದೇ ದೊಡ್ಡ ಅಪಾಯ. ಕ್ಯಾಲಿಫೋರ್ನಿಯಾದಲ್ಲಿ ಗ್ಯಾಂಗ್ ಸದಸ್ಯರದ್ದು ಅಂತ ಒಂದು ಡೇಟಾಬೇಸ್ ಇತ್ತು, ‘ಕ್ಯಾಲ್‌ಗ್ಯಾಂಗ್’. 2016ರಲ್ಲಿ ರಾಜ್ಯದ ಆಡಿಟರ್ ತೆರೆದು ನೋಡಿದಾಗ, ಪಟ್ಟಿಗೆ ಸೇರಿಸುವಾಗ ಒಂದು ವರ್ಷವೂ ತುಂಬಿರದ ಕೂಸುಗಳು ಅಂತ ತೋರಿಸುವ 42 ಹೆಸರು ಅದರಲ್ಲಿದ್ದವು. ಅವುಗಳಲ್ಲಿ 28ರ ಎದುರು ‘ತಾನೇ ಗ್ಯಾಂಗಿನವನು ಅಂತ ಒಪ್ಪಿಕೊಂಡಿದ್ದಾನೆ’ ಅಂತ ಬರೆದಿತ್ತು. ಅಷ್ಟು ದುಡ್ಡು, ಕಂಪ್ಯೂಟರು ಇರುವ ಕಡೆಯೇ ಹೀಗಾದರೆ, ನಮ್ಮ ಚೌಕಿಯ ನೋಟ್‌ಬುಕ್ಕಿನಲ್ಲಿ ಲಂಬಾಣಿ ತಾಂಡಾದಿಂದ ಬಂದ ಹುಡುಗನ ಹೆಸರು ಒಮ್ಮೆ ಬಿದ್ದರೆ ಅಳಿಸುವವರು ಯಾರು?

ಜನರಿಗೆ ಪೊಲೀಸರ ಬಲ ಕೊಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದಕ್ಕೆ ತಮಿಳುನಾಡು ನೋಡಿ. ಅಲ್ಲಿನ ‘ಫ್ರೆಂಡ್ಸ್ ಆಫ್ ಪೊಲೀಸ್’ 1993ರಲ್ಲಿ ರಾಮನಾಥಪುರದಲ್ಲಿ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ್ದು, ಹೆಸರೂ ಮಾಡಿತ್ತು. 2020ರ ಜೂನ್‌ನಲ್ಲಿ ಸಾತ್ತಾನ್‌ಕುಳಂನಲ್ಲಿ ಅಪ್ಪ-ಮಗ ಪೊಲೀಸರ ಹಿಂಸೆಗೆ ಸತ್ತಾಗ ಈ ಸ್ವಯಂಸೇವಕರ ಮೇಲೂ ಆರೋಪ ಬಂತು. ಮುಂದಿನ ತಿಂಗಳೇ ಸರ್ಕಾರ ಅದನ್ನು ನಿಷೇಧಿಸಿತು.

ಬಾಸ್ಟನ್ ಕತೆಯ ಇನ್ನೊಂದು ಅರ್ಧವನ್ನೂ ಹೇಳಬೇಕು. 2000ದ ಹೊತ್ತಿಗೆ ಆ ಕೆಲಸ ನಿಂತುಹೋಯಿತು, ಯುವಕರ ಕೊಲೆಗಳು ಮತ್ತೆ ಏರಿದವು. ಅಂದರೆ ನಾಲ್ಕು ಅಧಿಕಾರಿಗಳ ಉತ್ಸಾಹದ ಮೇಲೆ ನಿಂತ ಏರ್ಪಾಟು ಅದು. ಇಲ್ಲಿ ಎರಡು ವರ್ಷಕ್ಕೊಮ್ಮೆ ಕಮಿಷನರ್ ಬದಲಾಗುತ್ತಾರೆ. ಒಬ್ಬರು ಬಹುಮಾನ ಅನ್ನುತ್ತಾರೆ, ಇನ್ನೊಬ್ಬರು ಬಂದು, 2024ರ ಫೆಬ್ರವರಿಯಲ್ಲಿ ಮಾಡಿದ ಹಾಗೆ, ಗೂಂಡಾಗಳನ್ನು ಕಚೇರಿಗೆ ಕರೆಸಿ ಸಾಲಾಗಿ ನಿಲ್ಲಿಸುತ್ತಾರೆ. ನನ್ನ ಕ್ಲಾಸಿನ ಹುಡುಗರು ಆ ವಿಡಿಯೋ ನೋಡಿ ಹೆದರಲಿಲ್ಲ. ಮೊದಲ ಸಾಲಿನಲ್ಲಿ ಯಾರಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದರು.

ಹುಡುಗರ ನಡುವೆ ಹೋಗಿ ಜಗಳ ಬಿಡಿಸುವವರು ಬೇಕೇ ಬೇಕು. ಆದರೆ ಅವರು ಪೊಲೀಸರ ಜನ ಆಗಿರಬಾರದು. ಷಿಕಾಗೊದಲ್ಲಿ ಗ್ಯಾರಿ ಸ್ಲಟ್‌ಕಿನ್ ಅನ್ನೋ ಸಾಂಕ್ರಾಮಿಕ ರೋಗಗಳ ವೈದ್ಯರು 2000ದಲ್ಲಿ ಶುರು ಮಾಡಿದ ಕೆಲಸ ಹಾಗೆಯೇ ನಡೆಯುತ್ತದೆ. ಬೀದಿಯಲ್ಲಿ ಬೆಳೆದವರು, ಹಿಂದೆ ತಾವೇ ಗ್ಯಾಂಗಿನಲ್ಲಿದ್ದವರು ಹೋಗಿ ಸೇಡಿನ ಗುಂಡು ಹಾರುವ ಮೊದಲೇ ಮಾತಾಡಿಸುತ್ತಾರೆ. ಕೇಳಿದ್ದನ್ನು ಪೊಲೀಸರಿಗೆ ಹೇಳುವುದಿಲ್ಲ, ಅದಕ್ಕೇ ಹುಡುಗರು ಅವರ ಮುಂದೆ ಬಾಯಿ ಬಿಡುತ್ತಾರೆ.

ಮತ್ತೆ ನಮ್ಮ ಕಾನೂನಿನಲ್ಲಿ ಇರುವುದನ್ನೇ ಮೊದಲು ಮಾಡಿ ತೋರಿಸಲಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಜಿಲ್ಲೆಗೊಂದು ವಿಶೇಷ ಘಟಕ, ಅದರಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು, ಒಬ್ಬರಾದರೂ ಹೆಂಗಸು. ಕೇಸಿನಲ್ಲಿ ಸಿಕ್ಕ ಮಗುವಿನ ಗುರುತು ಹೊರಗೆ ಬಿಡುವಂತಿಲ್ಲ. ಆ ಅಧಿಕಾರಿ ಯಾರು ಅಂತ ನಮ್ಮ ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ ಅನ್ನುತ್ತಾರೆ. ಅವರ ಹೆಸರು, ಫೋನ್ ನಂಬರ್ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆದು ಚೌಕಿಯ ಗೋಡೆಗೆ ಹಚ್ಚಲಿ. ಕೇಸಿನಲ್ಲಿ ಸಿಕ್ಕ ಮಕ್ಕಳನ್ನು ಇಡುವ ಯೆರವಡಾದ ನಿರೀಕ್ಷಣಾಲಯದಿಂದ ಹೊರಗೆ ಬಂದ ಹುಡುಗನಿಗೆ ಐಟಿಐ ಸೀಟು, ಸಂಬಳ ಸಿಗುವ ಕಡೆ ಕೆಲಸ ಕಲಿಯುವ ಅವಕಾಶ ಕೊಡಿಸಲಿ. ಅವನ ಮನೆಗೆ ಆರು ತಿಂಗಳಾದರೂ ಬಂದು ಹೋಗುವ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸಲಿ. ಅವರು ಬರುವುದು ಯೂನಿಫಾರ್ಮಿನಲ್ಲಿ ಬೇಡ.