ಕುದುರೆಮುಖದ ಚಾರಣ ನಿಲ್ಲಬೇಕೆ?

ಪರ: ಆ ಹುಲ್ಲು ಇಷ್ಟು ಕಾಲುಗಳನ್ನು ತಾಳದು

ಕುದುರೆಮುಖ ಹತ್ತುವವರೆಲ್ಲ ಒಂಟಿಮರದ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಮೇಲಿನ ಏರಿನಲ್ಲಿ ಒಮ್ಮೆ ಕಾಲಬುಡ ನೋಡಿಕೊಳ್ಳಬೇಕು. ನಾನು ಜುಲೈನಲ್ಲಿ ಹೋದಾಗ ದಾರಿ ಒಂದಿರಲಿಲ್ಲ, ಮೂರಿದ್ದವು. ನಡುವಿನದು ಮೊಣಕಾಲುದ್ದದ ಕೊರಕಲು. ಕೆಸರಿಗೆ ಹೇಸಿದವರು ಪಕ್ಕದ ಹುಲ್ಲು ತುಳಿದು ಎರಡನೆಯದು ಮಾಡಿದ್ದರು, ಅದೂ ಜಾರತೊಡಗಿದಾಗ ಮೂರನೆಯದು ಹುಟ್ಟಿತ್ತು. ಮೂರರಲ್ಲೂ ಕೆಂಪು ನೀರು ಇಳಿದು ಹಳ್ಳ ಸೇರುತ್ತಿತ್ತು.

ಹಳ್ಳ ಸೇರುವುದು ಭದ್ರೆಗೆ. ಇಲ್ಲಿ ಹಿಂದೆ ಇದ್ದ ಕಬ್ಬಿಣದ ಅದಿರು ಗಣಿಯ ವಿರುದ್ಧ ಎದ್ದ ದೊಡ್ಡ ದೂರೇ ಭದ್ರೆಗೆ ಇಳಿಯುವ ಹೂಳಿನದು. ಗಣಿಯ ಹೂಳೆಲ್ಲಿ, ಶೂ ಕಿತ್ತ ಮಣ್ಣೆಲ್ಲಿ ಎಂದು ನಗುವವರು ನಗಲಿ. ಹೋಲಿಕೆ ಇಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಮಣ್ಣಿನ ಸ್ವಭಾವ ಅದೇ: ಹುಲ್ಲಿನ ಹೊದಿಕೆ ಒಮ್ಮೆ ಕಿತ್ತರೆ ಮುಂದಿನ ಕೆಲಸ ಮಳೆ ನೋಡಿಕೊಳ್ಳುತ್ತದೆ. ಅದೂ ವರ್ಷಕ್ಕೆ ಕೆಲವೆಡೆ 7,000 ಮಿ.ಮೀ. ಸುರಿಯುವ ಮಳೆ.

ಊರ ಕಡೆಯಿಂದ ಬಂದವರಿಗೆ ಹುಲ್ಲುಗುಡ್ಡ ಎಂದರೆ ಖಾಲಿ ಜಾಗ, ಓಡಿ ರೀಲ್ಸ್ ಮಾಡುವ ಜಾಗ. ಇಲ್ಲಿ ಬೆಟ್ಟದ ಮೈಗೆ ಹುಲ್ಲು, ಕಣಿವೆಯ ಮಡಿಕೆಗಳಿಗೆ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಕಾಡು. ಹುಲ್ಲು ಮಣ್ಣು ಹಿಡಿಯುತ್ತದೆ, ಶೋಲಾ ನೀರು ಹಿಡಿಯುತ್ತದೆ. ಒಂದು ಹೋದರೆ ಇನ್ನೊಂದು ಉಳಿಯದು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲವೂ ಇದೇ ಉದ್ಯಾನದೊಳಗಿದೆ.

ನಮ್ಮ ಕ್ಯಾಲೆಂಡರ್ ನೋಡಿ. ಬೆಂಕಿಯ ಭಯಕ್ಕೆ ಬೇಸಿಗೆಯಲ್ಲಿ ದಾರಿ ಮುಚ್ಚುತ್ತಾರೆ, ಸರಿ. ಮಣ್ಣು ಬೆಣ್ಣೆಯಂತಾಗುವ ಮಳೆಗಾಲಕ್ಕೆ ತೆರೆಯುತ್ತಾರೆ! 2024ರ ಜನವರಿಯಲ್ಲಿ ಸುಬ್ರಹ್ಮಣ್ಯದ ಬಳಿಯ ಕುಮಾರಪರ್ವತದಲ್ಲಿ ಸಾವಿರಾರು ಜನ ಸಾಲುಗಟ್ಟಿದ ಮೇಲೆ ಇಲ್ಲಿಗೂ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ 300 ಜನರ ಮಿತಿ ಬಂತು. ಮುನ್ನೂರು ಜನ ಬಂದು ಹೋಗುವುದೆಂದರೆ ಒಂದೇ ಕೊರಕಲಿಗೆ ಆರುನೂರು ನಡೆ. 1987ರಲ್ಲಿ ಇದಕ್ಕೆ ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಕೊಟ್ಟದ್ದು ಕಾಡನ್ನು ಕಾಯಲು. ವಾರಾಂತ್ಯ ಕಳೆಯಲು ಬೇರೆ ಗುಡ್ಡಗಳಿವೆ.

ವಿರೋಧ: ಗೇಟು ಹಾಕುವುದಾದರೆ ರಸ್ತೆಗೂ ಹಾಕಿ

ನಾನು ಕಳಸದ ಕಡೆಯವನು. ಮೇಲಿನ ಕೊರಕಲಿನ ಮಾತು ಸುಳ್ಳಲ್ಲ, ನಾನೂ ಅದರಲ್ಲಿ ಜಾರಿ ಬಿದ್ದಿದ್ದೇನೆ. ಆದರೆ ಕುದುರೆಮುಖದ ಕತೆ ಆ ಕೊರಕಲಿನಿಂದ ಶುರುವಾಗುವುದಿಲ್ಲ.

ಗಣಿ ಕಂಪನಿ 1976ರಲ್ಲಿ ಬಂತು. ಗುಡ್ಡ ಒಡೆದು, ಪುಡಿ ಮಾಡಿ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸಿತು. ಉಳಿದ ಹೂಳು ಲಕ್ಯಾ ಅಣೆಕಟ್ಟೆಯ ಹಿಂದೆ ಇಂದಿಗೂ ಮಲಗಿದೆ. ಗುತ್ತಿಗೆ 1999ರಲ್ಲಿ ಮುಗಿದಾಗ ಜನ ಎದ್ದರು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಅಂದು ಎದ್ದವರಿಗೆ ಈ ಗುಡ್ಡ ಗೊತ್ತಿತ್ತು: ನಡೆದಿದ್ದರು, ಉಂಬಳ ಕಚ್ಚಿಸಿಕೊಂಡಿದ್ದರು. ನೋಡದ ಕಾಡಿಗಾಗಿ ಬೀದಿಗಿಳಿಯುವವರನ್ನು ನಾನಂತೂ ಕಂಡಿಲ್ಲ.

ಗಣಿ ಹೋದ ಮೇಲೆ ಟೌನ್‌ಶಿಪ್ ಖಾಲಿಯಾಯಿತು. ಸಾಲು ಸಾಲು ಕ್ವಾರ್ಟರ್ಸ್ ಗೋಡೆಗೆ ಪಾಚಿ ಹಿಡಿದು, ಕಿಟಕಿಯಿಂದ ಗಿಡ ಹೊರಗೆ ಚಾಚಿದೆ. ಗಣಿ ನಿಂತದ್ದು ಸರಿಯೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸಂಸೆ, ಮುಳ್ಳೋಡಿ ಸುತ್ತಿನ ಹುಡುಗರಿಗೆ ಉಳಿದದ್ದು ಜೀಪು, ಹೋಂಸ್ಟೇ, ಗೈಡ್ ಕೆಲಸ. ಬೆಂಗಳೂರಿನ ಹುಡುಗ ಸೊಪ್ಪಿನ ಮರೆಯಲ್ಲಿ ತುರುಕಿದ ಬಿಸ್ಕತ್ತಿನ ಕವರನ್ನು ಹೆಕ್ಕಿ ಚೀಲಕ್ಕೆ ಹಾಕುವವರೂ ಅವರೇ. ದಾರಿ ಮುಚ್ಚಿದರೆ ಆ ಕಣ್ಣುಗಳೂ ಗುಡ್ಡದಿಂದ ಇಳಿದುಬಿಡುತ್ತವೆ. ಬೇಸಿಗೆಯಲ್ಲಿ ಹೊಗೆ ಕಂಡಾಗ ಮೊದಲು ಫೋನ್ ಮಾಡುವವರು ಯಾರು?

ಇನ್ನು ಪ್ರಾಣಿಗಳ ಮಾತು. ಉದ್ಯಾನ ಆದದ್ದೇ ಮುಖ್ಯವಾಗಿ ಸಿಂಗಳೀಕದ ಸಲುವಾಗಿ. ಅದು ದಟ್ಟ ಕಾಡಿನ ಜೀವಿ, ಮರದಿಂದ ಮರಕ್ಕೇ ಬದುಕು. ಶಿಖರದ ದಾರಿ ಬಹುಪಾಲು ಹುಲ್ಲಿನಲ್ಲಿದೆ. ಕಾಡನ್ನು ನಿಜವಾಗಿ ಸೀಳಿರುವುದು ಕಾರ್ಕಳದಿಂದ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ದಾಟಿ ಬರುವ ಡಾಂಬರು ರಸ್ತೆ. ಅಲ್ಲಿ ಕಾರು ನಿಲ್ಲಿಸಿ ಕೋತಿಗೆ ಚಿಪ್ಸ್ ಎಸೆಯುವವನಿಗೆ ಬುಕಿಂಗ್ ಬೇಡ, ಗೈಡ್ ಬೇಡ. ಬೆವರು ಸುರಿಸಿ ಇಪ್ಪತ್ತು ಕಿಲೋಮೀಟರ್ ನಡೆಯುವವನೇ ಅಪರಾಧಿ!

300 ಜಾಸ್ತಿ ಎಂದರೆ ಒಪ್ಪುತ್ತೇನೆ, ನೂರು ಮಾಡಿ. ಜಾರುವ ಏರಿಗೆ ಕಲ್ಲು ಹಾಸಿ, ಹೊಸ ದಾರಿ ತುಳಿದವನಿಗೆ ದಂಡ ಹಾಕಿ. ಜುಲೈ, ಆಗಸ್ಟ್ ಪೂರ್ತಿ ಮುಚ್ಚಿ ಬೇಕಾದರೆ. ಆ ಎರಡು ತಿಂಗಳು ನಮ್ಮ ಜೀಪುಗಳು ಶೆಡ್ಡಿನಲ್ಲಿ ನಿಂತರೂ ಚಿಂತೆಯಿಲ್ಲ, ಹೇಗೂ ಆ ಕೆಸರಿನಲ್ಲಿ ಕ್ಲಚ್ ಸುಟ್ಟುಕೊಳ್ಳುವವರು ನಾವೇ.