ಹತ್ತು ರೂಪಾಯಿ ಮೀರಿದ ನಿಧಿ

ನಮ್ಮ ಕೊಪ್ಪಳ ಸೀಮೆಯಲ್ಲಿ ನಿಧಿ ಹುಡುಕಲಿಕ್ಕೂ ಒಂದು ರೀತಿ ರಿವಾಜು ಇತ್ತು. ಅಮಾವಾಸ್ಯೆ ನೋಡಬೇಕು, ನಿಂಬೆಹಣ್ಣು ಕೊಯ್ಯಬೇಕು, ಕೋಳಿ ಬಲಿ ಕೊಡಬೇಕು, ಆಮೇಲೆ ಹಾರೆಗೆ ಕೈ ಹಾಕಬೇಕು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನ ಹೊಕ್ಕು ವ್ಯಾಸರಾಜರ ಬೃಂದಾವನವನ್ನೇ ಕೆಡವಿದರಲ್ಲ, ಅವರದೂ ನಿಧಿಯ ಆಸೆಯೇ. ಎಲ್ಲ ಬಿಟ್ಟ ಸನ್ಯಾಸಿ ಚಿನ್ನ ಮಾತ್ರ ಬಿಡದೆ ಕೂತಿದ್ದಾನೆಂದು ನಂಬಲಿಕ್ಕೆ ಎಂಥ ಭಕ್ತಿ ಬೇಕು!

ಈಗಿನದು ಸುಸಂಸ್ಕೃತ ನಿಧಿಬೇಟೆ: ಜಿಯೋಕ್ಯಾಷಿಂಗ್. ಒಬ್ಬರು ಚಿಲ್ಲರೆ ಸಾಮಾನಿನ ಡಬ್ಬಿ ಬಚ್ಚಿಟ್ಟು ಜಾಗದ ಜಿಪಿಎಸ್ ಗುರುತು ಕೊಡುವುದು, ಉಳಿದವರು ಅದನ್ನು ಹಿಡಿದು ಹುಡುಕುವುದು. 2000ದ ಮೇ ತಿಂಗಳಲ್ಲಿ ಅಮೆರಿಕ ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಬೆನ್ನಿಗೇ ಆರೆಗಾನ್‌ನಲ್ಲಿ ಒಬ್ಬಾತ ಬಕೆಟ್ ಬಚ್ಚಿಟ್ಟ, ಒಳಗೆ ಒಂದು ಡಬ್ಬಿ ಬೀನ್ಸ್ ಸಹಿತ. ನೆಲ ಅಗೆಯಬಾರದು, ಜಾಗದವರ ಅನುಮತಿ ಬೇಕು ಅನ್ನುವುದು ಆಟದ ನಿಯಮ. ನಿಯಮಕ್ಕೇನು, ಚೆನ್ನಾಗಿಯೇ ಇದೆ.

ಒಂದು ತಂಡ ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿತು ಅನ್ನಿ. ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಗೋರಿಗಳು. ಊರವರ ಬಾಯಲ್ಲಿ ಮೊರೇರ ಮನೆಗಳು. ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲೂ ಇವೆ. ಸತ್ತವರ ಮನೆಗೆ ಕೊರೆದ ದುಂಡನೆಯ ಕಿಂಡಿ ಟಿಫಿನ್ ಡಬ್ಬಿಗೆ ಹೇಳಿ ಮಾಡಿಸಿದ ಅಳತೆ! ಹಗಲೆಲ್ಲ ಪೇಟೆ ಮಂದಿ ಮೊಬೈಲ್ ಹಿಡಿದು ಕಲ್ಲು ಸರಿಸಿ ನೋಡಿದರೆ ಊರಿಗೆ ಹೋಗುವ ಸುದ್ದಿ ಒಂದೇ: 'ಅಲ್ಲೇನೋ ಐತಿ.' ರಾತ್ರಿ ಪಾಳಿಗೆ ಹಾರೆ ಬರುತ್ತದೆ.

ದೇಶದಲ್ಲಿ 1878ರ ನಿಧಿ ಕಾಯ್ದೆಯೂ ಇದೆ. ನೆಲದಲ್ಲಿ ಅಡಗಿದ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಇಲ್ಲಿಗೂ ಅದನ್ನೇ ಅಕ್ಷರಶಃ ಹಿಡಿದರೆ ತಹಶೀಲ್ದಾರರು ಗುಡ್ಡ ಹತ್ತಿ ಪಂಚನಾಮೆ ಬರೆಸಬೇಕಾದೀತು: ಕೀಚೈನ್ ಒಂದು, ಪ್ಲಾಸ್ಟಿಕ್ ಡೈನೋಸಾರ್ ಒಂದು, ಬಾಲ ಮುರಿದಿದೆ.

ಚಿನ್ನದ ಆಸೆಯಿಂದ ಒಮ್ಮೆ ಮಾತ್ರ ಒಳ್ಳೆಯದಾಗಿದ್ದುಂಟು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಂಡೆಯ ಮೇಲಿನ ಬರಹ ಬಿತ್ತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ'ನಂಥ ಬಿರುದಿನಲ್ಲೇ ಇದ್ದ ದೊರೆ ಅಲ್ಲಿ ಅಶೋಕನೆಂದು ಹೆಸರು ಹೇಳಿಕೊಂಡಿದ್ದ.

ಗುಡ್ಡದಲ್ಲಿ ಕುರಿ ಮೇಯಿಸುವ ಯಜಮಾನರಿಗೆ ಈ ಆಟ ತಿಳಿಸಿ ಹೇಳಿದೆ.

"ಡಬ್ಬ್ಯಾಗ ಏನಿರ್ತೈತ್ರಿ?"

"ಒಂದು ನೋಟ್‌ಬುಕ್ಕು. ಹುಡುಕಿದವರು ಅದರಲ್ಲಿ ಹೆಸರು ಬರೆದು ಬರೋದು."

ಯಜಮಾನರು ಕೋಲೆತ್ತಿ ಎದುರಿನ ಬಂಡೆ ತೋರಿಸಿದರು. ಬಿಳಿ ಪೇಂಟಿನಲ್ಲಿ ಎರಡು ಹೆಸರು, ನಡುವೆ ಬಾಣ ನಾಟಿದ ಹೃದಯ.

"ಅಷ್ಟಕ್ಕ ಡಬ್ಬಿ ಯಾಕ್ರೀ? ನಮ್ಮ ಹುಡುಗರು ಸೀದಾ ಕಲ್ಲಿಗೇ ಬರ್ದಾರ ನೋಡ್ರಿ."