ಜೀಪಿಗೆ ಐವತ್ತು ತುಂಬುವ ತನಕ

ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದುಕೊಂಡ ಜನ್ಮದಿನಾಂಕದ ದಯೆಯಿಂದ ಎರಡು ವರ್ಷ ಹೆಚ್ಚು ನೌಕರಿ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಜೀಪಿನ ಕತೆ ಇದಕ್ಕೆ ಉಲ್ಟಾ. ಮೂಡಿಗೆರೆ ಕಡೆಯ ತೋಟದಲ್ಲಿ ಗೊಬ್ಬರದ ಮೂಟೆ ಹೊತ್ತು ಸವೆದ 1986ರ ಮಹೀಂದ್ರ, ನೆಲಮಂಗಲದ ಟೋಲ್ ದಾಟುವಷ್ಟರಲ್ಲಿ 1942ರ ವಿಲ್ಲೀಸ್, ಅಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ಮಿಲಿಟರಿ ಜೀಪು, ಆಗಿರುತ್ತದೆ. ಬರ್ಮಾ ರಂಗದಲ್ಲಿ ಕಾದಾಡಿಯೂ ಬಂದಿರುತ್ತದೆ. ಪಕ್ಕದ ತಗಡಿನ ತೂತು ಜಪಾನಿ ಗುಂಡಿನದಂತೆ. 10 ಎಂಎಂ ಡ್ರಿಲ್ಲಿನ ಮೊನೆ ಅದರೊಳಗೆ ಸಲೀಸಾಗಿ ಕೂರುವುದು ಕಾಕತಾಳೀಯ.

ವಯಸ್ಸು ಏರಿಸುವ ಕೆಲಸ ಕಷ್ಟದ್ದೇನಲ್ಲ. ಏಳು ಸೀಳಿನ ಮುಖ ಕಿತ್ತು ಒಂಬತ್ತು ಸೀಳಿನ ಗ್ರಿಲ್ಲು, ಮ್ಯಾಟ್ ಹಸಿರು ಬಣ್ಣ, ಬಾನೆಟ್ಟಿಗೆ ಬಿಳಿ ನಕ್ಷತ್ರ, ಹಿಂದೆ ಜೆರ್ರಿಕ್ಯಾನು, ಪಕ್ಕಕ್ಕೆ ಮಣ್ಣು ಕಾಣದ ಸಲಿಕೆ. ಡ್ಯಾಶ್‌ಬೋರ್ಡಿಗೆ ಅಂಟಿಸುವ ಫಲಕವೂ ಹೊಸದಾಗಿ ಅಚ್ಚಾಗಿ ಬರುತ್ತದೆ; ಅದೇ ಜನನ ಪ್ರಮಾಣಪತ್ರ. ಉತ್ತರದ ಮಂಡಿ ಡಬ್‌ವಾಲಿಯಲ್ಲಿ ಹೊಸ ತಗಡು ಬಗ್ಗಿಸಿ ‘ವಿಲ್ಲೀಸ್’ ಕಟ್ಟಿಕೊಡುವವರು ಹೊಸದನ್ನು ಹೊಸದೆಂದೇ ಮಾರುತ್ತಾರೆ. ಅದು ಹಳೆಯದಾಗುವುದು ಎರಡನೇ ಮಾಲೀಕನ ಬಾಯಲ್ಲಿ.

ವೇಷ ಹಾಕಿದವರು ಮರೆಯುವುದು ಸಣ್ಣಪುಟ್ಟ ಸಂಗತಿಗಳನ್ನು. 1942ರ ಆರಂಭದ ವಿಲ್ಲೀಸ್‌ಗಳಿಗೆ ಅಚ್ಚೊತ್ತಿದ ಒಂಬತ್ತು ಸೀಳಿನ ಗ್ರಿಲ್ಲೇ ಇರಲಿಲ್ಲ, ಕಬ್ಬಿಣದ ಪಟ್ಟಿ ಬೆಸೆದ ಜಾಲರಿ ಇತ್ತು. ಒಂಬತ್ತು ಸೀಳು, ಅದೇ ಜೀಪನ್ನು ತಾವೂ ಕಟ್ಟುತ್ತಿದ್ದ ಫೋರ್ಡ್‌ನವರ ವಿನ್ಯಾಸ. ವಿಲ್ಲೀಸ್‌ನ ಯುದ್ಧಕಾಲದ ಮಾದರಿಯಾದ ಎಂಬಿ ಜೀಪಿಗೆ ಹಿಂದೆ ಇಳಿಸುವ ಬಾಗಿಲಿಲ್ಲ. ಪೆಟ್ರೋಲ್ ಮುಚ್ಚಳ ಡ್ರೈವರ್ ಸೀಟಿನಡಿ. ಬಂಕಿನಲ್ಲಿ ಮೊದಲು ಯಜಮಾನ ಏಳಬೇಕು, ಆಮೇಲೆ ಸೀಟು. ಹೆಡ್‌ಲೈಟು ಗ್ರಿಲ್ಲಿನ ಹಿಂದೆ ಅಡಗಿ ಕೂತಿದ್ದು, ಹಿಂದಕ್ಕೆ ಮಗುಚಿದರೆ ಎಂಜಿನ್ನಿಗೇ ಬೆಳಕು ಬೀರುತ್ತದೆ. ಮುಂದಿನ ಅಡ್ಡಪಟ್ಟಿ ದುಂಡನೆ ಕೊಳವೆಯಾದರೆ ವಿಲ್ಲೀಸ್, ಬೋರಲು ಹಾಕಿದ ತೊಟ್ಟಿಯಂತಿದ್ದರೆ ಫೋರ್ಡ್. ಇನ್ನು ಎಂಜಿನ್ನು: 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್. ನಮ್ಮ ‘ಬರ್ಮಾ ಯೋಧ’ ಸ್ಟಾರ್ಟ್ ಆದೊಡನೆ ಹಿಟ್ಟಿನ ಗಿರಣಿಯಂತೆ ಟಕಟಕ ಅನ್ನುತ್ತಾನೆ. ಒಳಗಿರುವುದು ಡೀಸೆಲ್. ಆರ್‌ಸಿಯಲ್ಲಿ ಇರುವುದು ಪೆಟ್ರೋಲ್.

ಈ ನಾಟಕಕ್ಕೆ ಮಾಲೀಕರನ್ನು ಮಾತ್ರ ದೂರಿದರೆ ತಪ್ಪಾದೀತು. ಸ್ವಂತ ಬಳಕೆಯ ಗಾಡಿಗೆ ನೋಂದಣಿಯ ಆಯಸ್ಸು 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ, ಹಣ ಕಟ್ಟಿ ಜೀವದಾನ ಪಡೆಯಬೇಕು. 20 ದಾಟಿದ ಲಘು ವಾಹನಕ್ಕೆ 2025ರಲ್ಲಿ ಆ ಶುಲ್ಕವೂ 10,000 ರೂಪಾಯಿಗೆ ಏರಿತು. ಆದರೆ 2021ರ ವಿಂಟೇಜ್ ನಿಯಮದ ಪ್ರಕಾರ 50 ತುಂಬಿದ ಮರುದಿನದಿಂದ ಅದೇ ತಗಡು ಪರಂಪರೆ. 15ಕ್ಕೆ ಗುಜರಿ, 50ಕ್ಕೆ ಗೌರವ. ನಡುವಿನ 35 ವರ್ಷದಲ್ಲಿ ಏಳು ಸಲ ಆರ್‌ಟಿಒ ಮೆಟ್ಟಿಲು. ಪಾಂಡವರಿಗೂ ವನವಾಸ, ಅಜ್ಞಾತವಾಸ ಸೇರಿ ಹದಿಮೂರೇ ಇತ್ತು.

ಅಷ್ಟೆಲ್ಲ ದಾಟಿ ಬಂದ ಗಾಡಿಗೆ ನಿಯಮ ಕೇಳುವ ಪ್ರಶ್ನೆ ಇನ್ನೂ ಸೊಗಸು: ಮೂಲ ರೂಪದಲ್ಲೇ ಇದೆಯಾ? ಷಾಸಿ (ತಳದ ಚೌಕಟ್ಟು), ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗಿಲ್ಲ ತಾನೇ? ಮಲೆನಾಡಿನ ಐವತ್ತು ಮಳೆಗಾಲ ಕಂಡ ಜೀಪಿನ ತಳ ನೋಡಿದವರು ಯಾರೂ ಹೀಗೆ ಕೇಳಲಾರರು. ಎಂಬಿಯ ನೆಲದ ತಗಡಿನಡಿ ಟೋಪಿಯಾಕಾರದ ಕಬ್ಬಿಣದ ಪಟ್ಟಿ, ಅದರೊಳಗೆ ಮರದ ತುಂಡು. ಆ ಮರ ನೀರು ಕುಡಿದು ಕೂರುತ್ತದೆ, ಪಟ್ಟಿ ಒಳಗಿನಿಂದ ಹಪ್ಪಳವಾಗುತ್ತದೆ. ಕೊಳ್ಳುವ ಮುನ್ನ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯುದ್ದಕ್ಕೂ ಆಡಿಸಬೇಕು. ಹಿಡಿಯದ ಕಡೆ ಇರುವುದು ತಗಡಲ್ಲ, ತೂತು ಮುಚ್ಚಿದ ಪುಟ್ಟಿ. ಷಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಟಣ್ ಎಂದರೆ ಕಬ್ಬಿಣ, ಡಬ್ ಎಂದರೆ ತುಕ್ಕು. ಕೊಳೆತದ್ದನ್ನು ಕತ್ತರಿಸಿ ಹೊಸದು ಬೆಸೆದರೆ ಮೂಲ ರೂಪ ಹೋಯಿತು. ಬೆಸೆಯದಿದ್ದರೆ ಜೀಪೇ ಹೋಯಿತು.

ಸರಿ, ಪರೀಕ್ಷೆ ಪಾಸಾಯಿತೆನ್ನಿ. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಎರಡಕ್ಷರ, ಹತ್ತು ವರ್ಷದ ಮಾನ್ಯತೆ. ಇನ್ನು ಹೊರಡೋಣವೆಂದರೆ, ನಿತ್ಯದ ಓಡಾಟಕ್ಕಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು: ಇಷ್ಟಕ್ಕೆ ಮಾತ್ರ ರಸ್ತೆ. ಅಂದರೆ ಪೆಟ್ರೋಲ್ ಹಾಕಿಸಿಕೊಳ್ಳಲು ಬಂಕಿಗೆ ಹೋಗಬಹುದು. ಹಾಕಿಸಿದ್ದನ್ನು ಖರ್ಚು ಮಾಡುವ ದಾರಿ? ಇನ್ನೊಮ್ಮೆ ಬಂಕಿಗೆ ಹೋಗುವುದು.

ಹಾಗೆ ಹೋದರೂ ಅಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಗಾಡಿ ಓಡದೆ ಶೆಡ್ಡಿನಲ್ಲೇ ನಿಂತರೆ ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ತುಕ್ಕೆಬ್ಬಿಸುತ್ತದೆ, ತುಕ್ಕಿನ ಪುಡಿ ಕಾರ್ಬುರೇಟರಿನ ಫ್ಲೋಟ್ ಸೂಜಿಯಡಿ ಸಿಕ್ಕಿ ಪೆಟ್ರೋಲ್ ಉಕ್ಕುತ್ತದೆ. ಫ್ಯುಯೆಲ್ ಪಂಪಿನ ಹಳೆಯ ರಬ್ಬರ್ ಡಯಾಫ್ರಾಮು ಮೆತ್ತಗಾಗಿ ಹಿಗ್ಗುತ್ತದೆ, ಪೈಪು ಬಿರಿಯುತ್ತದೆ. ಎಥನಾಲ್ ತಡೆಯುವ ಡಯಾಫ್ರಾಮ್ ಕಿಟ್ಟು, ವೈಟಾನ್ ರಬ್ಬರಿನ ಪೈಪು, ಕಾರ್ಬುರೇಟರಿಗೆ ಮುಂಚೆ ಪಾರದರ್ಶಕ ಫಿಲ್ಟರು ಹಾಕಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಬರಿದು ಮಾಡಬೇಕು. ಮಾಡದಿದ್ದರೂ ಚಿಂತೆಯಿಲ್ಲ. ಓಡಿಸಬೇಡ ಎನ್ನುತ್ತದೆ ಸರ್ಕಾರ, ಓಡದೆ ಕೆಡುತ್ತದೆ ಜೀಪು, ಕೆಟ್ಟರೆ ರಿಪೇರಿಗೆಂದು ರಸ್ತೆಗಿಳಿಯಲು ಅನುಮತಿ ಇದ್ದೇ ಇದೆ. ಇಷ್ಟು ಸುಸಂಬದ್ಧ ನಿಯಮ ಇನ್ನೊಂದಿಲ್ಲ.

ಐವತ್ತು ತುಂಬದ ಜೀಪಿನವರು ಕಾಯುವುದಿಲ್ಲ, 31 ಇಂಚಿನ ಮಡ್ ಟೈರು ಹಾಕಿಸುತ್ತಾರೆ. ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳಿದೆ, 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮೂರನೆಯದಾಗಿ ಸ್ಟಿಯರಿಂಗು ಹೇಳುತ್ತದೆ. 6.00-16 ಅಳತೆಯ ಸಣ್ಣ ಟೈರಿಗೆಂದು ಮಾಡಿದ ಜೋಡಣೆ ಅದು. ಗಂಟೆಗೆ 50 ಕಿ.ಮೀ. ಮುಟ್ಟುತ್ತಿದ್ದಂತೆ ಮುಂದಿನ ಎರಡೂ ಚಕ್ರ ದೈವ ಮೈಮೇಲೆ ಬಂದಂತೆ ನಡುಗುತ್ತವೆ. ‘ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ರೋಗ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಮುಂಭಾಗ ಜಾಕ್ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಅಲ್ಲಾಟ ನಿಂತರೆ ವ್ಹೀಲ್ ಬೇರಿಂಗು ಸಡಿಲ. ನಿಲ್ಲದಿದ್ದರೆ ಚಕ್ರ ಎಡಬಲ ಹೊರಳುವ ಗೂಟದ, ಅಂದರೆ ಕಿಂಗ್‌ಪಿನ್ನಿನ, ಬೇರಿಂಗು. ಆಗ ಮೇಲಿನ ಕೆಳಗಿನ ಮುಚ್ಚಳದಿಂದ ಸಮನಾಗಿ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಮಾಡಬೇಕು. ಜೊತೆಗೆ ಸ್ಟಿಯರಿಂಗ್ ಜೋಡಣೆಯ ಬೆಲ್‌ಕ್ರ್ಯಾಂಕ್ ಬುಷ್ಷು, ಟೈ ರಾಡ್ ತುದಿಗಳನ್ನೂ ನೋಡಬೇಕು. ಇದಕ್ಕೆ ತಗಲುವುದು ಒಂದು ದಿನ, ಬಟ್ಟೆಗೆಲ್ಲ ಗ್ರೀಸು. ಟೈರು ಬದಲಿಸಿದರೆ ಫೋಟೊ ಬರುತ್ತದೆ, ಶಿಮ್ ಬದಲಿಸಿದ್ದಕ್ಕೆ ಲೈಕು ಒತ್ತುವವರಾರು?

ಇತ್ತ ಕೊಡಗಿನ ಮಾಂದಲ್‌ಪಟ್ಟಿಗೆ, ಕುದುರೆಮುಖದ ಮುಳ್ಳೋಡಿಗೆ ದಿನವೂ ಜನ ಹೊತ್ತು ಹತ್ತುವ ಜೀಪುಗಳಿಗೆ ನಕ್ಷತ್ರವೂ ಇಲ್ಲ, ಫಲಕವೂ ಇಲ್ಲ. ಹಳೆಯ ಜೀಪಿನ ಹ್ಯಾಂಡ್‌ಬ್ರೇಕು ಚಕ್ರಕ್ಕಲ್ಲ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮಿಗೆ. ಅಲ್ಲಿನ ಆಯಿಲ್ ಸೀಲು ಸೋರಿ ಬ್ರೇಕ್ ಲೈನರ್ ನೆನೆದರೆ, ಲಿವರ್ ಎಷ್ಟೇ ಎಳೆದರೂ ಗಾಡಿ ಇಳಿಜಾರಿನಲ್ಲಿ ನಿಲ್ಲದು. ಸೀಲು ಬದಲಿಸಿ ಲೈನರ್ ಹೊಸದು ಹಾಕುವುದು ಸರಿಯಾದ ರಿಪೇರಿ. ಅದಾಗುವವರೆಗೆ ಹಿಂದಿನ ಚಕ್ರಕ್ಕೊಂದು ಕಲ್ಲು. ಇಡೀ ಗಾಡಿಯಲ್ಲಿ ವಿಂಟೇಜ್ ನಿಯಮಕ್ಕೆ ಒಂದಿಷ್ಟೂ ಕುಂದಿಲ್ಲದೆ ಒಪ್ಪುವ ಭಾಗ ಆ ಕಲ್ಲೊಂದೇ: ಐವತ್ತು ದಾಟಿದೆ, ಮೂಲ ರೂಪದಲ್ಲೇ ಇದೆ, ಯಾವ ಮಾರ್ಪಾಡೂ ಆಗಿಲ್ಲ.